ಬುಡ ನೋಡಿದ ಮೇಲೇ ಅಣಬೆ

ಪುಷ್ಯ ಮಳೆ ಒಂದು ವಾರ ಹೊಡೆದು ಎರಡು ದಿನ ಹೊಳವು ಕೊಟ್ಟಿತು. "ಬೆಟ್ಟದಲ್ಲಿ ಅಣಬೆ ಎದ್ದಿದೆ, ಬೇಗ ಬಾ" ಅಂತ ಶಿರಸಿಯ ಗೆಳತಿ ಫೋನ್ ಮಾಡಿದಳು. ಕಾರವಾರದಿಂದ ಬೆಳಗಿನ ಬಸ್ಸು ಹಿಡಿದೆ. ಕುಮಟಾದಲ್ಲಿ ಇಳಿದು ಇನ್ನೊಂದು ಬಸ್ಸು. ದೇವಿಮನೆ ಘಟ್ಟದಲ್ಲಿ ಕಿಟಕಿಯಾಚೆ ಬರೀ ಮಂಜು.

ಮೊದಲು ತೋಟಕ್ಕೆ ಇಳಿದೆವು. ಕೊಳೆರೋಗಕ್ಕೆ ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಹೊಡೆದು ಮೂರು ದಿನ ಆಗಿತ್ತು, ಮರಗಳ ಮೇಲೆಲ್ಲ ತಿಳಿನೀಲಿ ಕಲೆ. ಇಲ್ಲಿ ಎದ್ದ ಅಣಬೆ ಎಷ್ಟೇ ಒಳ್ಳೆಯದಿದ್ದರೂ ತಿನ್ನಬಾರದು. ಒಂದು ಅಡಿಕೆ ಮರದ ಬುಡದಲ್ಲಿ ಕಂದುಗೆಂಪು ತಟ್ಟೆಯೊಂದು ಅಂಟಿಕೊಂಡಿತ್ತು. ವಾರ್ನಿಷ್ ಬಳಿದ ಹಾಗೆ ಹೊಳಪು, ಮುಟ್ಟಿದರೆ ಹಲಗೆಯಷ್ಟು ಗಟ್ಟಿ. ಗ್ಯಾನೋಡರ್ಮಾ ಅನ್ನುವ ಶಿಲೀಂಧ್ರ. ಎಷ್ಟು ಚೆಂದ ಅಂತ ನಾನು ಬಗ್ಗಿ ನೋಡುತ್ತಿದ್ದರೆ ಗೆಳತಿಯ ಮುಖ ಸಪ್ಪಗಾಯಿತು. ಅಡಿಕೆ ಬೆಳೆಗಾರರು ಅಣಬೆ ರೋಗ ಅನ್ನುವುದು ಇದನ್ನೇ. ಬೇರು ಕೊಳೆತ ಮೇಲೆ ಇದು ಹೊರಗೆ ಕಾಣುತ್ತದೆ. ಅಷ್ಟರಲ್ಲಿ ಆ ಮರ ಕೈಬಿಟ್ಟ ಹಾಗೇ. ಪಕ್ಕದ ಮರಗಳಿಗೆ ಹಬ್ಬದಿರಲಿ ಅಂತ ಸುತ್ತ ಕಂದಕ ತೋಡಿಸಿದ್ದಳು.

ಮಧ್ಯಾಹ್ನ ಸೊಪ್ಪಿನ ಬೆಟ್ಟಕ್ಕೆ, ಅಂದರೆ ತೋಟಕ್ಕೆ ಸೊಪ್ಪು ತರುವ ಕಾಡಿಗೆ ಹೊರಟೆವು. ದಾರಿ ತೋರಿಸಿದ್ದು ತೋಟದ ಕೆಲಸಕ್ಕೆ ಬರುವ ಅಜ್ಜಿ. ಕಂಬಳಿ ಕೊಪ್ಪೆ, ಕೈಯಲ್ಲಿ ಕತ್ತಿ. ಉಂಬಳ (ಜಿಗಣೆ) ಕಾಲಿಗೆ ಹತ್ತುತ್ತಲೇ ಇತ್ತು, ಅದರ ಬಗ್ಗೆ ಜಾಸ್ತಿ ಹೇಳುವುದೇನಿಲ್ಲ.

ಒಂದು ಹಳೇ ಹುತ್ತದ ಪಕ್ಕ ಅಜ್ಜಿ ನಿಂತರು. ತರಗೆಲೆ ಸರಿಸಿದರೆ ಇಪ್ಪತ್ತು ಮೂವತ್ತು ಬಿಳಿ ಕೊಡೆಗಳು! ನಡುವೆ ಮೊನಚಾದ ಕಂದು ತುದಿ. ಆ ಗಟ್ಟಿ ತುದಿಯಿಂದಲೇ ಅದು ಮಣ್ಣು ಸೀಳಿಕೊಂಡು ಮೇಲೆ ಬರುತ್ತದೆ. ನಾನು ಕಾಂಡಕ್ಕೆ ಕೈ ಹಾಕಿದೆ. "ಹಾಗೆ ಕೀಳಬೇಡ" ಅಂದರು. ಕತ್ತಿಯ ತುದಿಯಿಂದ ನಿಧಾನಕ್ಕೆ ಮಣ್ಣು ಬಿಡಿಸಿದರು. ಕಾಂಡ ಮುಗಿಯಲೇ ಇಲ್ಲ. ಬೇರಿನ ಹಾಗೆ ಸಣ್ಣಗಾಗುತ್ತಾ ಗೇಣುದ್ದ ಕೆಳಗೆ ಹೋಗಿತ್ತು. ಆ ಬೇರು ಗೆದ್ದಲಿನ ಗೂಡಿಗೆ ಹೋಗುತ್ತದೆ. ಗೆದ್ದಲುಗಳು ಎಲೆ, ಕಟ್ಟಿಗೆ ಅಗಿದು ತಂದು ಗೂಡಿನೊಳಗೆ ಈ ಶಿಲೀಂಧ್ರವನ್ನು ಸಾಕುತ್ತವೆ. ಅದು ಕಟ್ಟಿಗೆಯನ್ನು ಅವುಗಳಿಗೆ ಅರಗುವ ಹಾಗೆ ಮಾಡಿಕೊಡುತ್ತದೆ. ಗೂಡು ಕೆಡಿಸದಿದ್ದರೆ ಮುಂದಿನ ಮಳೆಗಾಲಕ್ಕೂ ಅಲ್ಲೇ ಏಳುತ್ತದೆ. ಅರ್ಧದಷ್ಟನ್ನು ಅಜ್ಜಿ ಅಲ್ಲೇ ಬಿಟ್ಟರು.

ಮಣ್ಣು ಬಿಡಿಸಿ ನೋಡುವುದಕ್ಕೆ ಇನ್ನೊಂದು ಕಾರಣವೂ ಇದೆ. ಅಮನಿಟಾ ಜಾತಿಯ ಕೆಲವು ಅಣಬೆಗಳು ಜೀವ ತೆಗೆಯುತ್ತವೆ. ಅವುಗಳ ಬುಡದಲ್ಲಿ ಒಡೆದ ಮೊಟ್ಟೆಯಂಥ ಚೀಲ ಇರುತ್ತದೆ. ಸುಮ್ನೆ ಮೇಲಿಂದ ಕಿತ್ತರೆ ಆ ಚೀಲ ಮಣ್ಣಲ್ಲೇ ಉಳಿಯುತ್ತದೆ. ಬೇಯಿಸಿದರೂ ಆ ವಿಷ ಹೋಗುವುದಿಲ್ಲ. ತಿಂದು ಆರು ಗಂಟೆ, ಕೆಲವೊಮ್ಮೆ ಇನ್ನೂ ತಡವಾಗಿ ವಾಂತಿ ಶುರುವಾಗುತ್ತದೆ. ನಡುವೆ ಒಮ್ಮೆ ಗುಣವಾದ ಹಾಗೆ ಅನ್ನಿಸುತ್ತದೆ, ಒಳಗೆ ಯಕೃತ್ತು ಹಾಳಾಗುತ್ತಿರುತ್ತದೆ. ಬೆಳ್ಳಿ ಚಮಚ ಕಪ್ಪಾಗುತ್ತದೆ, ಬೆಳ್ಳುಳ್ಳಿ ಬಣ್ಣ ತಿರುಗುತ್ತದೆ ಅನ್ನುವ ಪರೀಕ್ಷೆಗಳನ್ನು ದಯವಿಟ್ಟು ಯಾರೂ ನಂಬಬೇಡಿ.

ಸಂಜೆ ಮನೆಗೆ ಬಂದರೆ ಗೆಳತಿಯ ಮಗಳು ಅಂಗಳದ ಹುಲ್ಲಿನಿಂದ ಒಂದು ಅಣಬೆ ತಂದಿಟ್ಟಿದ್ದಳು. "ಇದೂ ಅದೇ ಅಲ್ವಾ?" ಅಂಗೈಗಿಂತ ಅಗಲ, ಬಿಳಿ, ಮೇಲೆ ಕಂದು ಚಕ್ಕೆಗಳು, ಕಾಂಡಕ್ಕೊಂದು ಬಳೆ. ಕೊಡೆಯ ಅಡಿಯ ತೆಳು ಪದರಗಳು, ಅಂದರೆ ಪಕಳೆಗಳು, ಇನ್ನೂ ಬಿಳಿಯೇ ಇದ್ದವು. ಬಾಯಲ್ಲಿ ಹೇಳುವ ಬದಲು ತೋರಿಸೋಣ ಅನ್ನಿಸಿತು. ಎರಡೂ ಅಣಬೆಗಳ ಕೊಡೆ ಕತ್ತರಿಸಿ, ಬಿಳಿ ಹಾಳೆಯ ಮೇಲೆ ಪಕಳೆ ಕೆಳಗಾಗಿ ಇಟ್ಟು, ಪಾತ್ರೆ ಕವುಚಿ ಮಲಗಿದೆವು.

ಬೆಳಿಗ್ಗೆ ಅವಳೇ ಮೊದಲು ಎದ್ದು ಪಾತ್ರೆ ಎತ್ತಿದಳು. ಹುತ್ತದ ಅಣಬೆಯ ಕೆಳಗೆ ಪಕಳೆಗಳಿಂದ ಉದುರಿದ ಬೀಜಕಣಗಳ ತೆಳು ಗುಲಾಬಿ ಪುಡಿ, ಚಕ್ರದ ಅರಗಳ ಹಾಗೆ ಗೆರೆಗೆರೆ. ಅಂಗಳದ್ದರ ಕೆಳಗೆ ಅಂಥದ್ದೇ ಗೆರೆಗಳು, ಮಂಕು ಹಸಿರು. ಹಸಿರು ಪುಡಿ ಉದುರಿಸುವ ಈ ಅಣಬೆ ಕ್ಲೋರೋಫಿಲ್ಲಮ್. ಹುಲ್ಲುಹಾಸಿನಲ್ಲಿ ಏಳುತ್ತದೆ, ತಿಂದರೆ ಒಂದೆರಡು ಗಂಟೆಯಲ್ಲಿ ವಾಂತಿಭೇದಿ. ಹುಡುಗಿ ಹಾಳೆಯನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಹೋಗಿ ಸೋಪು ಹಾಕಿ ಕೈ ತೊಳೆದುಕೊಂಡು ಬಂದಳು.

ವಾಪಸು ಬರುವಾಗ ಘಟ್ಟದ ಕೆಳಗೆ ಬಸ್ಸು ಚಹಾಕ್ಕೆ ನಿಂತಿತು. ರಸ್ತೆ ಬದಿಯಲ್ಲಿ ಇಬ್ಬರು ಹೆಂಗಸರು ಸಾಗವಾನಿ ಎಲೆಯ ಮೇಲೆ ಅಣಬೆ ಹರಡಿ ಕೂತಿದ್ದರು. ಒಂದನ್ನು ಎತ್ತಿ ತಿರುಗಿಸಿದೆ. ಉದ್ದನೆಯ ಬೇರು ಹಾಗೇ ಇತ್ತು, ತುದಿಯಲ್ಲಿ ಕೆಂಪು ಮಣ್ಣು. ಎರಡು ಪಾಲು ಕಟ್ಟಿಸಿಕೊಂಡೆ.