ಎರಡನೆಯ ಅರ್ಜಿಗೆ ಮುಂಚಿನ ಒಂದು ವರ್ಷ

ಕಳೆದ ವರ್ಷ ಮಗಳಿಗೆ ಮೆಡಿಕಲ್ ಸೀಟು ಸಿಗಲಿಲ್ಲವೆಂದು ತಿಳಿದಾಗ ಊರಿನಿಂದ ಫೋನ್ ಮಾಡಿದ ಬಂಧುಗಳೆಲ್ಲ ಕೇಳಿದ್ದು ಒಂದೇ ಮಾತು: "ಎಷ್ಟು ಮಾರ್ಕ್ಸ್ ಕಡಿಮೆಯಾಯಿತು? ಇನ್ನೊಂದು ವರ್ಷ ಲಾಂಗ್ ಟರ್ಮ್ ಕೋಚಿಂಗಿಗೆ ಸೇರಿಸಿ." ನೀಟ್ ರ‍್ಯಾಂಕಿನ ಮೇಲೆ ಸೀಟು ಹಂಚುವ ನಾಡಿನಲ್ಲಿ ಈ ಮಾತು ಸಹಜವೇ. ಆದರೆ ಅಮೆರಿಕದಲ್ಲಿ ಸೋಲಿನ ಕಾರಣವನ್ನು ಬೇರೆ ಕಡೆ ಹುಡುಕಬೇಕಾಗುತ್ತದೆ ಎಂಬುದು ಇಪ್ಪತ್ತು ವರ್ಷ ಇಲ್ಲಿದ್ದ ನಮಗೂ ತಡವಾಗಿಯೇ ಅರ್ಥವಾಯಿತು.

ಇಲ್ಲಿ ನಾಲ್ಕು ವರ್ಷದ ಪದವಿ ಮುಗಿಸಿದ ಮೇಲೆ ವೈದ್ಯಕೀಯ ಕಾಲೇಜು. ವರ್ಷಕ್ಕೆ 50,000ಕ್ಕೂ ಹೆಚ್ಚು ಮಂದಿ ಎಂ.ಡಿ. (ಇಲ್ಲಿ ಅದು ವೈದ್ಯರಾಗಲು ಓದುವ ಮೊದಲ ವೈದ್ಯಕೀಯ ಪದವಿ) ಕಾಲೇಜುಗಳಿಗೆ ಅರ್ಜಿ ಹಾಕುತ್ತಾರೆ. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ಆ ವರ್ಷ ಸೇರುವ ಅವಕಾಶ ಸಿಗುವುದಿಲ್ಲ. ಪ್ರವೇಶ ಪರೀಕ್ಷೆಯಾದ ಎಂಕ್ಯಾಟ್‌ನಲ್ಲಿ ಅಂಕಗಳು 472ರಿಂದ 528ರವರೆಗೆ ಇರುತ್ತವೆ. ಮಗಳಿಗೆ 514 ಬಂದಿತ್ತು, ಸೀಟು ಪಡೆದವರ ಸರಾಸರಿಗಿಂತ ತುಸು ಹೆಚ್ಚೇ.

ಹಾಗಿದ್ದರೆ ಕೊರತೆ ಎಲ್ಲಿತ್ತು? ಅವಳು ಕಾಲೇಜುಗಳಿಗೆ ಪತ್ರ ಬರೆದು ವಿಚಾರಿಸಿದಳು. ಹೆಚ್ಚಿನವು ಉತ್ತರಿಸಲಿಲ್ಲ, ಒಂದು ಕಾಲೇಜಿನವರು ಮಾತ್ರ ಫೋನಿನಲ್ಲಿ ಕಾಲು ಗಂಟೆ ತಾಳ್ಮೆಯಿಂದ ವಿವರಿಸಿದರು. ಬಂದ ಅರ್ಜಿಗಳನ್ನು ಬಂದ ಹಾಗೆಯೇ ಪರಿಶೀಲಿಸಿ ಸಂದರ್ಶನಕ್ಕೆ ಕರೆಯುವ ಪದ್ಧತಿ ಇರುವುದರಿಂದ ಜೂನ್‌ನಲ್ಲಿ ಕಳಿಸಬೇಕಾದ ಅರ್ಜಿಯನ್ನು ಎಂಕ್ಯಾಟ್ ಫಲಿತಾಂಶಕ್ಕಾಗಿ ಕಾದು ಆಗಸ್ಟ್ ಕೊನೆಗೆ ಕಳಿಸಿದ್ದು ಮೊದಲ ತಪ್ಪು. ಎರಡನೆಯದು ಇನ್ನೂ ದೊಡ್ಡದು: ಪ್ರಯೋಗಾಲಯದಲ್ಲಿ ಎರಡು ವರ್ಷ ದುಡಿದಿದ್ದ ಅವಳು ರೋಗಿಗಳ ಜೊತೆ ಕಳೆದದ್ದು ಕೆಲವೇ ಗಂಟೆ.

ಆ ಬೇಸಿಗೆಯಲ್ಲಿ ಅವಳು ಒಂದು ಕ್ಲಿನಿಕ್‌ನಲ್ಲಿ ಸ್ಕ್ರೈಬ್ ಆಗಿ, ಎಂದರೆ ವೈದ್ಯರು ರೋಗಿಯನ್ನು ನೋಡುವಾಗ ಪಕ್ಕದಲ್ಲಿ ಕುಳಿತು ವಿವರಗಳನ್ನು ದಾಖಲಿಸುವ ಕೆಲಸಕ್ಕೆ ಸೇರಿದಳು. ಶನಿವಾರಗಳಂದು ಹಾಸ್ಪೈಸ್‌ನಲ್ಲಿ, ಕೊನೆಯ ದಿನಗಳನ್ನು ಎಣಿಸುತ್ತಿರುವವರ ಬಳಿ ಸ್ವಯಂಸೇವೆ. ಅಲ್ಲಿ ಒಬ್ಬ ನಿವೃತ್ತ ಬಸ್ ಚಾಲಕರಿಗೆ ನೀರು ನುಂಗಲು ಆಗುತ್ತಿರಲಿಲ್ಲ. ಕಡ್ಡಿಯ ತುದಿಯ ಸ್ಪಂಜನ್ನು ನೀರಿನಲ್ಲಿ ಅದ್ದಿ, ಬಟ್ಟಲಿನ ಅಂಚಿಗೆ ಒತ್ತಿ ಹಿಂಡಿ, ಅವರ ಒಣಗಿದ ತುಟಿಗಳನ್ನು ಒರೆಸುವುದನ್ನು ನರ್ಸ್ ಅವಳಿಗೆ ಕಲಿಸಿದರು. ಅವರು ಕಣ್ಣು ತೆರೆದು "ಇನ್ನೊಮ್ಮೆ" ಎಂದರಂತೆ. ಮನೆಗೆ ಬಂದವಳು ಬಹಳ ಹೊತ್ತು ಮಾತಾಡಲಿಲ್ಲ.

ಅರ್ಜಿಯ ಜೊತೆಗೆ ಬರೆಯುವ ಸ್ವಂತ ಪ್ರಬಂಧಕ್ಕೆ ಖಾಲಿ ಜಾಗವೂ ಸೇರಿ 5,300 ಅಕ್ಷರಗಳ ಮಿತಿಯಿದೆ. ಮೊದಲ ಸಲ ಅವಳು ಬರೆದದ್ದು ಚಿಕ್ಕಂದಿನಲ್ಲಿ ಕಂಡ ಅಜ್ಜಿಯ ಕಾಯಿಲೆಯ ಬಗ್ಗೆ. ಅದು ನಿಜವೇ, ಆದರೆ ಅದರಲ್ಲಿ ಅವಳು ಮಾಡಿದ್ದೇನೂ ಇರಲಿಲ್ಲ. ಈ ಸಲ ಆ ಸ್ಪಂಜಿನಿಂದ ಆರಂಭಿಸಿದಳು. ಹಿಂದಿನ ಅರ್ಜಿಯ ನಂತರ ಏನು ಬದಲಾಗಿದೆ ಎಂದು ಹಲವು ಕಾಲೇಜುಗಳು ನೇರವಾಗಿಯೇ ಕೇಳುತ್ತವೆ. ಶಿಫಾರಸು ಪತ್ರಗಳಲ್ಲಿ ಒಂದನ್ನು, ಅವಳ ಕೆಲಸವನ್ನು ದಿನವೂ ನೋಡಿದ ಕ್ಲಿನಿಕ್ಕಿನ ವೈದ್ಯೆಯೇ ಬರೆದುಕೊಟ್ಟರು.

ಅರ್ಜಿ ಜೂನ್ ಮೊದಲ ವಾರದಲ್ಲಿಯೇ ಹೋಗಿದೆ. ಎರಡು ಕಡೆಯಿಂದ ಸಂದರ್ಶನದ ಕರೆ ಬಂದಿದೆ. ಸಾಮಾನ್ಯ ಅರ್ಜಿದಾರರಿಗೆ ಅಕ್ಟೋಬರ್ 15ಕ್ಕೆ ಮುಂಚೆ ಸೀಟು ಘೋಷಿಸುವ ಪದ್ಧತಿಯಿಲ್ಲ. ಅಲ್ಲಿಯವರೆಗೆ ಅವಳ ಶನಿವಾರಗಳು ಹಾಸ್ಪೈಸ್‌ನಲ್ಲಿಯೇ.