ಕೊನೆಯ ಆರು ತಿಂಗಳು ಯಾರ ಕೈಕೆಳಗೆ?

ಅಕ್ಕನ ಮಗಳು ಫಿಸಿಯೋಥೆರಪಿ ಓದುವುದೆಂದು ನಿಶ್ಚಯವಾದಾಗ ಮನೆಯವರೆಲ್ಲ ಶುಲ್ಕ, ಹಾಸ್ಟೆಲ್‌ಗಳ ಲೆಕ್ಕದಲ್ಲಿದ್ದರು. ಕೊಪ್ಪಳದಲ್ಲಿ ಹನ್ನೆರಡು ವರ್ಷಗಳಿಂದ ಇದೇ ವೃತ್ತಿಯಲ್ಲಿರುವ ನಾನು, ಇಂಟರ್ನ್‌ಶಿಪ್ ಹೇಗೆ ನಡೆಯುತ್ತದೆಂಬುದನ್ನು ಮೊದಲು ಕಣ್ಣಾರೆ ನೋಡೋಣವೆಂದು ಅವಳನ್ನು ಬೆಳಗಿನ ರೈಲಿನಲ್ಲಿ ಬಳ್ಳಾರಿಗೆ ಕರೆದೊಯ್ದೆ.

ಇದಕ್ಕೆ ಕಾರಣ ನನ್ನದೇ ಅನುಭವ. ನಾನು ಓದಿದ ಬಿಪಿಟಿ, ಅಂದರೆ ಫಿಸಿಯೋಥೆರಪಿ ಪದವಿ, ನಾಲ್ಕೂವರೆ ವರ್ಷದ್ದು. ಅದರಲ್ಲಿ ಕೊನೆಯ ಆರು ತಿಂಗಳು ಇಂಟರ್ನ್‌ಶಿಪ್. ನಮ್ಮ ಕಾಲೇಜಿಗೆ ಸ್ವಂತ ಆಸ್ಪತ್ರೆ ಇರಲಿಲ್ಲ. ನೋವು ತಗ್ಗಿಸಲು ಸಣ್ಣ ವಿದ್ಯುತ್ ಹಾಯಿಸುವ ಐಎಫ್‌ಟಿ ಯಂತ್ರದ ಪ್ಯಾಡ್ ಅಂಟಿಸಿ ಟೈಮರ್ ತಿರುಗಿಸುವುದರಲ್ಲೇ ನನ್ನ ಆರು ತಿಂಗಳು ಕಳೆದುಹೋಯಿತು. ವೆಂಟಿಲೇಟರ್ ಮೇಲಿದ್ದ ರೋಗಿಯ ಎದೆಯ ಕಫ ಸಡಿಲಿಸುವುದನ್ನು ಕೆಲಸಕ್ಕೆ ಸೇರಿದ ಮೇಲೆ ಕಲಿಯಬೇಕಾಯಿತು. ಮೊದಲ ದಿನ ಕೈ ನಡುಗಿದ್ದು ಇನ್ನೂ ನೆನಪಿದೆ.

ಮೊದಲು ನೋಡಿದ ಕಾಲೇಜಿನ ಆಸ್ಪತ್ರೆ ದೊಡ್ಡದು, ಯಂತ್ರಗಳೂ ಹೊಸವು. ಆದರೆ ಒಬ್ಬ ಇಂಟರ್ನ್ ತೋರಿಸಿದ ಲಾಗ್‌ಬುಕ್ಕಿನಲ್ಲಿ ಪುಟ ಪುಟಕ್ಕೂ ಒಂದೇ ಸಾಲು: ‘ಐಎಫ್‌ಟಿ, 15 ನಿಮಿಷ’. ರೋಗಿಯ ಮೊಣಕಾಲು ಎಷ್ಟು ಡಿಗ್ರಿ ಬಾಗುತ್ತಿತ್ತು, ವಾರದ ನಂತರ ಎಷ್ಟಾಯಿತು ಎಂಬುದು ಎಲ್ಲಿಯೂ ಇರಲಿಲ್ಲ.

ಎರಡನೆಯದು ಚಿಕ್ಕದು. ಅಲ್ಲಿ ಲಕ್ವ ಹೊಡೆದ ಅಜ್ಜನೊಬ್ಬರನ್ನು ಒಬ್ಬ ಇಂಟರ್ನ್ ಹುಡುಗಿ ಕುರ್ಚಿಯಿಂದ ಏಳಿಸುತ್ತಿದ್ದಳು. ಪಾದಗಳನ್ನು ಮೊಣಕಾಲಿಗಿಂತ ಹಿಂದಕ್ಕೆ ಸರಿಸಿ, “ಅಜ್ಜಾರ, ಮುಂದಕ್ಕೆ ಬಾಗ್ರಿ” ಎನ್ನುತ್ತ, ಸೋತ ಕಾಲಿನ ಮೊಣಕಾಲಿಗೆ ಅಂಗೈ ಆನಿಸಿದ್ದಳು. ಹಿಂದೆ ನಿಂತಿದ್ದ ಮೇಡಂ ಕೇಳಿದ್ದು ಒಂದೇ ಪ್ರಶ್ನೆ: “ಭಾರ ಯಾವ ಕಾಲಿನ ಮೇಲಿದೆ?” ಹುಡುಗಿ ನೋಡಿದಳು, ಅಷ್ಟೂ ಭಾರ ಗಟ್ಟಿ ಕಾಲಿನ ಮೇಲಿತ್ತು. ಅಜ್ಜನನ್ನು ಮತ್ತೆ ಕೂಡಿಸಿ ಮೊದಲಿನಿಂದ ಆರಂಭಿಸಿದಳು. ನನಗೆ ಬೇಕಿದ್ದದ್ದು ಆ ಪ್ರಶ್ನೆ ಕೇಳುವವರೇ.

ನರರೋಗ ವಿಭಾಗದಲ್ಲಿ ಎಷ್ಟು ದಿನ, ಐಸಿಯು ಪಾಳಿ ಉಂಟೇ, ಹಳ್ಳಿಗಳಿಗೆ ಕಳಿಸುತ್ತಾರೆಯೇ ಎಂದು ಅಕ್ಕನ ಮಗಳು ಇಂಟರ್ನ್‌ಗಳನ್ನೇ ಕೇಳಿ ಬರೆದುಕೊಂಡಳು. ಹಳ್ಳಿಯ ಪ್ರಶ್ನೆ ನಾನು ಹೇಳಿಕೊಟ್ಟದ್ದು. ಕೊಪ್ಪಳ, ರಾಯಚೂರು ಭಾಗದ ಅನೇಕ ಊರುಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್, ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ಮೀರಿದೆ. ವರ್ಷಗಟ್ಟಲೆ ಅದನ್ನು ಕುಡಿದು ಬೆನ್ನು, ಕುತ್ತಿಗೆ ಸೆಟೆದವರನ್ನು ಕಲಿಯುವಾಗಲೇ ಮುಟ್ಟಿ ನೋಡದಿದ್ದರೆ, ಮುಂದೆ ಅದನ್ನು ಬರೀ ವಯಸ್ಸಿನ ನೋವೆಂದು ಕಳಿಸಿಬಿಡುವ ಅಪಾಯವಿದೆ.

ಎರಡನೆಯ ಕಾಲೇಜನ್ನೇ ಮೊದಲ ಆಯ್ಕೆಯಾಗಿ ಹಾಕುತ್ತೇನೆಂದು ಅವಳು ನಿಲ್ದಾಣದಲ್ಲೇ ಹೇಳಿದಳು. ಮರಳುವ ರೈಲಿನಲ್ಲಿ ಹೊಸಪೇಟೆ ದಾಟುವವರೆಗೂ ಪಾದ ಹಿಂದೆಳೆದುಕೊಂಡು, ಒಂದೇ ಕಾಲಿಗೆ ಭಾರ ಬಿಟ್ಟು ಸೀಟಿನಿಂದ ಎದ್ದು ಎದ್ದು ನೋಡುತ್ತಿದ್ದಳು.