ಒಂದೇ ಕೋಣೆ, ಒಬ್ಬರೇ ಮೇಷ್ಟ್ರು

ಮೇಷ್ಟ್ರು ತೀರಿಕೊಂಡರೆಂದು ಕೇಳಿದಾಗ ಕಣ್ಣಿಗೆ ಕಟ್ಟಿದ್ದು ಮೈದಾ ಅಂಟು ಮೆತ್ತಿದ ಅವರ ಬೆರಳುಗಳು. ಊರಿನವರ ಹಳೆಯ ಲಗ್ನಪತ್ರಿಕೆಗಳನ್ನು ಬೇಡಿ ತಂದು, ಕತ್ತರಿಸಿ, ಖಾಲಿ ಬೆನ್ನಿನ ಮೇಲೆ ಅಕ್ಷರ ಬರೆದು ನಮಗೆ ಕಾರ್ಡು ಮಾಡಿಕೊಡುತ್ತಿದ್ದರು.

ಕಾರ್ಡುಗಳ ಮೂಲಕ ಆಡುತ್ತಾ ಕಲಿಯುವ ನಲಿ-ಕಲಿ ಪದ್ಧತಿ ಮೊಳೆತದ್ದು ನಮ್ಮ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲೇ, 1995ರಲ್ಲಿ. ಆಂಧ್ರದ ಮದನಪಲ್ಲಿ ಬಳಿಯ ರಿಷಿ ವ್ಯಾಲಿಯ ಹಳ್ಳಿ ಶಾಲೆಗಳನ್ನು ನೋಡಿಬಂದ ಇಲ್ಲಿನ ಶಿಕ್ಷಕರು ಯುನಿಸೆಫ್ ನೆರವಿನಿಂದ ಕಾರ್ಡುಗಳನ್ನು ತಾವೇ ಕೂತು ರೂಪಿಸಿದರು. ಮೂರು ತರಗತಿಗಳಿಗೆ ಒಂದೇ ಕೋಣೆ, ಒಬ್ಬರೇ ಮೇಷ್ಟ್ರು ಎಂಬ ನಮ್ಮ ಶಾಲೆಯ ಬಡತನ ಆಗ ಅನುಕೂಲವೇ ಆಯಿತು. ದೊಡ್ಡವರು ಚಿಕ್ಕವರಿಗೆ ಹೇಳಿಕೊಡುತ್ತಿದ್ದರು. ಗೋಡೆಯ ಮೇಲೆ, ಪಾಠಗಳನ್ನು ಮೆಟ್ಟಿಲು ಮೆಟ್ಟಿಲಾಗಿ ತೋರಿಸುವ ಕಲಿಕಾ ಏಣಿ. ರಾಗಿ ಕೊಯ್ಲಿಗೆಂದು ವಾರಗಟ್ಟಲೆ ತಪ್ಪಿಸಿಕೊಂಡ ಮಗು ಮರಳಿ ಬಂದರೆ ಬಿಟ್ಟ ಮೆಟ್ಟಿಲಿನಿಂದಲೇ ಹತ್ತುತ್ತಿತ್ತು. 'ಹಿಂದುಳಿದವನು' ಎಂದು ಯಾರೂ ಅನ್ನುತ್ತಿರಲಿಲ್ಲ.

ಒಮ್ಮೆ ಲೆಕ್ಕದ ಕಾರ್ಡುಗಳ ಕಟ್ಟೇ ಮಾಯವಾಯಿತು. ಚಡ್ಡಿ ಜೇಬಿಗೆ ತುರುಕಿಕೊಂಡು ಹೋದವರು ನಾವೇ. ಕಬಿನಿ ಹಿನ್ನೀರಿನ ದಡದಲ್ಲಿ, ಶಾಲೆ ಬಿಟ್ಟು ದನ ಕಾಯುತ್ತಿದ್ದ ಹುಡುಗರನ್ನು ಕೂರಿಸಿ ಶಾಲೆಯಾಟ ಹೂಡಿದ್ದೆವು. ಮೇಷ್ಟ್ರ ಪಾತ್ರ ನನ್ನದು. ಅದನ್ನು ಬೇರೆ ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ. ನಿಜವಾದ ಮೇಷ್ಟ್ರು ಹುಡುಕಿಕೊಂಡು ಬಂದರು. ನಾವು ಏಟಿಗೆ ಸಿದ್ಧವಾಗಿ ನಿಂತರೆ, ಅವರು ಕಲ್ಲಿನ ಮೇಲೆ ಕೂತು "ಪಾಠ ಮುಗಿಸಪ್ಪಾ" ಎಂದರು. ದನ ಕಾಯುವವರಿಗೆಂದೇ ಇನ್ನೊಂದು ಕಟ್ಟು ಬರೆದುಕೊಟ್ಟರು. ಮುಂದೆ ಅವರಲ್ಲಿ ಇಬ್ಬರು ಶಾಲೆಗೆ ಸೇರಿದರು. ಇಂದು ಪ್ರೌಢಶಾಲೆಯಲ್ಲಿ ಗಣಿತ ಕಲಿಸುವ ನನ್ನ ಪಾಠವನ್ನು ಮಕ್ಕಳು ಇಷ್ಟಪಡುತ್ತಾರೆ. ನಾನು ತರಬೇತಿ ಪಡೆದದ್ದು ಆ ದಡದಲ್ಲೇ ಎಂದು ಹೆಮ್ಮೆಯಿಂದ ಹೇಳುತ್ತೇನೆ.

2009-10ರಲ್ಲಿ ನಲಿ-ಕಲಿ ರಾಜ್ಯದ ಸರ್ಕಾರಿ ಕನ್ನಡ ಮಾಧ್ಯಮ ಪ್ರಾಥಮಿಕ ಶಾಲೆಗಳಿಗೆಲ್ಲ ಹಬ್ಬಿತು. ಆದರೆ ಕಾರ್ಡುಗಳು ಅಚ್ಚಾಗಿ ಬರತೊಡಗಿದ ಮೇಲೆ ಶಿಕ್ಷಕರ ಕೈಯಿಂದ ಕತ್ತರಿ, ಅಂಟು ಜಾರಿದವು. ಆ ಜಾಗಕ್ಕೆ ಮಾಹಿತಿ ತುಂಬುವ ಮೊಬೈಲ್ ಬಂತು. ಬೆಳಗಾದರೆ ವ್ಯಾನುಗಳು ಊರಿನ ಮಕ್ಕಳನ್ನು ಪಟ್ಟಣಕ್ಕೆ ಒಯ್ಯುತ್ತವೆ. ಉಳಿದವರು ಕಡಿಮೆಯೆಂದು ಶಾಲೆಗಳನ್ನು ವಿಲೀನಗೊಳಿಸುವ ಮಾತು ನನಗೆ ಒಪ್ಪಿಗೆಯಿಲ್ಲ. ಮಕ್ಕಳು ಕಡಿಮೆಯಿದ್ದುದರಿಂದಲೇ ಅಲ್ಲವೇ, ಯಾವ ಮಗು ಯಾವ ಮೆಟ್ಟಿಲಿನಲ್ಲಿದೆ ಎಂಬುದು ಮೇಷ್ಟ್ರಿಗೆ ಬಾಯಿಪಾಠವಾಗಿದ್ದುದು?

ಈಗಿನ ಶಿಕ್ಷಕಿಯೊಡನೆ ಮಾತನಾಡಿದ್ದೇನೆ. ಬರುವ ಬೇಸಿಗೆ ರಜೆಯಲ್ಲಿ, ಶಾಲೆ ತೆರೆಯುವ ಮುನ್ನ, ಕಬಿನಿ, ರಾಗಿ ಹೊಲ, ಆನೆ ಕಂದಕಗಳನ್ನೇ ಇಟ್ಟುಕೊಂಡು ನಮ್ಮೂರಿನ ಹೊಸ ಕಾರ್ಡುಗಳನ್ನು ಬರೆಯಲಿದ್ದೇವೆ. ಹಳೆಯ ಸಹಪಾಠಿಗಳೇ, ಮನೆಯಲ್ಲಿರುವ ಲಗ್ನಪತ್ರಿಕೆಗಳನ್ನು ಎಸೆಯಬೇಡಿ, ಬರುವಾಗ ತನ್ನಿ.